ಫಾರ್ಮಾಲಿಟಿ ಅಷ್ಟೇ

ನನಗೆ ಗೊತ್ತಿರುವ ಇಂಗ್ಲಿಷ್ ಪದಗಳೆಲ್ಲ ಕೈಯಿಂದ ಮುಟ್ಟಬಹುದಾದವು. ಫೋಮ್, ರೆಕ್ಸಿನ್, ಜಿಪ್, ಬಟನ್, ಸ್ಪ್ರಿಂಗ್. ನಂಗಲಿಯ ಹೈವೇ ಪಕ್ಕದಲ್ಲಿ ಲಾರಿಗಳಿಗೆ ಸೀಟು ಹೊಲಿಯುವ ಅಂಗಡಿ ನನ್ನದು. ಆ ಕೆಲಸಕ್ಕೆ ಇಷ್ಟು ಇಂಗ್ಲಿಷ್ ಧಾರಾಳವಾಗಿ ಸಾಕು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ತಲೆ ಇದು. ಇನ್ನೂ ನಾಲ್ಕು ಪದ ಬಂದರೆ ಅವನ್ನು ಇಡಲು ಜಾಗವಿಲ್ಲ. ಆದರೂ ಮುಟ್ಟಲಾಗದ ಒಂದು ಪದ ಯಾವಾಗಲೋ ಬಂದು ನನ್ನ ಬಾಯಲ್ಲಿ ಮನೆ ಮಾಡಿಕೊಂಡಿದೆ. ಫಾರ್ಮಾಲಿಟಿ. ದಿನಕ್ಕೆ ಎಷ್ಟು ಸಲ ಅದನ್ನು ಆಡುತ್ತೇನೋ ನನಗೇ ತಿಳಿಯದು. ನನ್ನ ಹೆಂಡತಿಯ ಪ್ರಕಾರ ಗೊರಕೆ ಹೊಡೆಯುವಾಗ ಮಾತ್ರ ಆಡುವುದಿಲ್ಲವಂತೆ.

ನೀವೂ ಆಡುತ್ತೀರಿ, ಇಲ್ಲವೆನ್ನಬೇಡಿ. ಮದುವೆ ಮನೆಯಲ್ಲಿ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದವನನ್ನು ಹೆಣ್ಣಿನ ಅಪ್ಪ ತಡೆದು, "ಊಟ ಮಾಡ್ಕೊಂಡೇ ಹೋಗ್ಬೇಕು" ಎಂದರೆ ಅದು ಫಾರ್ಮಾಲಿಟಿ. ಇವನು "ಇಲ್ಲ ಬಿಡಿ, ಇನ್ನೊಂದ್ಸಲ" ಎಂದರೆ ಅದೂ ಫಾರ್ಮಾಲಿಟಿ. ಹೆಣ್ಣು ನೋಡುವ ದಿನ ಎಲ್ಲ ಮಾತುಕತೆ ಮುಗಿದ ಮೇಲೆ ಯಾರೋ ಒಬ್ಬರು ಹುಡುಗಿಯ ಕಡೆ ತಿರುಗಿ "ನಿನಗೊಪ್ಪಿಗೆ ತಾನೇನಮ್ಮ?" ಎಂದು ಕೇಳುವುದು ಅದಕ್ಕಿಂತ ದೊಡ್ಡ ಫಾರ್ಮಾಲಿಟಿ. ಆ ಹೊತ್ತಿಗೆ ಹುಡುಗಿ ಏನು ಹೇಳಿದಳು ಎಂದು ಕೇಳಿಸಿಕೊಳ್ಳುವವರು ಆ ಮನೆಯಲ್ಲಿ ಯಾರೂ ಇರುವುದಿಲ್ಲ. ಎಲ್ಲರೂ ಕೇಸರಿಬಾತಿನ ತಟ್ಟೆಗೆ ತಲೆ ಬಗ್ಗಿಸಿರುತ್ತಾರೆ.

ಈ ಪದ ಬರುವುದಕ್ಕೆ ಮುಂಚೆ ನಮ್ಮ ಮುಳಬಾಗಿಲು ಸೀಮೆಯವರು ಬಾಯಿ ಕಟ್ಟಿಕೊಂಡು ಕೂತಿದ್ದರು ಎಂದೇನಲ್ಲ. ಎರಡು ಭಾಷೆಯಲ್ಲಿ ಜಗಳವಾಡುವ ಜನ ನಾವು, ಪದಕ್ಕೆ ಬರವೆಲ್ಲಿ? "ಶಾಸ್ತ್ರಕ್ಕೆ ಒಂದು ತುತ್ತು ತಿನ್ನು" ಎನ್ನುತ್ತಿದ್ದಳು ನಮ್ಮಮ್ಮ. ಬೀದಿ ಗುಡಿಸುವುದನ್ನು ಅರ್ಧಕ್ಕೆ ಬಿಟ್ಟರೆ "ಕಾಟಾಚಾರಕ್ಕೆ ಮಾಡ್ಬೇಡ" ಎಂದು ಬೈಯುತ್ತಿದ್ದಳು. ಅಂಗಡಿಗೆ ಬರುವ ಸಾಬರು ನಾಮ್‌ಕೇವಾಸ್ತೆ ಎನ್ನುತ್ತಾರೆ. ತೆಲುಗಿನವರು ಮೊಕ್ಕುಬಡಿ ಎನ್ನುತ್ತಾರೆ. ಇಷ್ಟಿದ್ದೂ ಇಂಗ್ಲಿಷಿನದೇ ಯಾಕೆ ಬೇಕಾಯಿತು ಎಂದು ಸೂಜಿಗೆ ದಾರ ಪೋಣಿಸುತ್ತಾ ಬಹಳ ಯೋಚಿಸಿದ್ದೇನೆ. ನನಗೆ ಹೊಳೆದದ್ದು ಇಷ್ಟು. ಶಾಸ್ತ್ರ ಎಂದರೆ ಪಕ್ಕದಲ್ಲಿ ದೇವರು ನಿಂತಿರುತ್ತಾನೆ, ಸ್ವಲ್ಪ ಭಯ. ಕಾಟಾಚಾರ ಎಂದರೆ ಯಾರೋ ಯಾರನ್ನೋ ಬೈಯುತ್ತಿದ್ದಾರೆ. ನಾಮ್‌ಕೇವಾಸ್ತೆ ಎಂದರೆ ಯಾರೋ ನಗುತ್ತಿದ್ದಾರೆ. ಫಾರ್ಮಾಲಿಟಿಯಲ್ಲಿ ಮಾತ್ರ ಯಾರೂ ಇಲ್ಲ. ಅದನ್ನು ಮಾಡಿದವನೂ ಇಲ್ಲ, ಮಾಡಿಸಿದವನೂ ಇಲ್ಲ, ತಾನಾಗಿಯೇ ನಡೆದುಹೋಗುತ್ತದೆ. ತಪ್ಪು ಮಾಡಬೇಕೆಂದಿರುವವನಿಗೆ ಇದಕ್ಕಿಂತ ಮೆತ್ತನೆಯ ಪದ ಸಿಗದು. ಸೀಟಿನ ಕೆಲಸದವನ ಮಾತು, ನಂಬಿ.

ಎಲ್ಲರೂ ಅದನ್ನು ನನ್ನ ಹಾಗೆ ಬಳಸುವುದಿಲ್ಲ ಎಂಬುದನ್ನೂ ಹೇಳಬೇಕು. ಚಿತ್ತೂರಿನ ಕಡೆಯ ಡ್ರೈವರ್ ಒಬ್ಬನಿದ್ದಾನೆ, ರೆಡ್ಡೆಪ್ಪ ಎಂದು. ಹೊಸ ಗಾಡಿಗೆ ಸೀಟು ಹೊಲಿಸಿಕೊಂಡ ಮೇಲೆ ಅವನು ಮೊದಲ ಬಾಡಿಗೆಗೆ ಹೋಗುವ ಮುನ್ನ ಕುರುಡುಮಲೆಗೆ ಹೋಗಿ ಗಣಪತಿಗೆ ಕೈಮುಗಿದು, ನಾಲ್ಕು ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಗಾಡಿ ಹತ್ತಿಸುತ್ತಾನೆ. "ಊರಿಕೆ ಫಾರ್ಮಾಲಿಟೀ ಅನ್ನಾ" ಎಂದು ತೆಲುಗಿನಲ್ಲಿ ನನಗೆ ಹೇಳುತ್ತಾನೆ, ಸುಮ್ಮನೆ ಅಷ್ಟೇ, ತಾನು ಇದನ್ನೆಲ್ಲ ನಂಬುವವನಲ್ಲ ಎಂಬಂತೆ. ಒಂದು ಸಲ ಅವಸರದಲ್ಲಿ ಮರೆತು ಪಲಮನೇರಿನವರೆಗೆ ಹೋದವನು, ಲೋಡ್ ಸಮೇತ ವಾಪಸ್ ಬಂದು ನನ್ನ ಅಂಗಡಿ ಮುಂದೆ ನಿಂತ.

"ಏನ್ ರೆಡ್ಡೆಪ್ಪಾ, ಫಾರ್ಮಾಲಿಟಿಗೆ ಇಷ್ಟು ಡೀಸೆಲ್ ಸುಡ್ತಾರಾ?" ಎಂದೆ.

"ಫಾರ್ಮಾಲಿಟೀನೇ. ಹಂಗಂತ ಬಿಡಕ್ಕಾಗ್ತದಾ?" ಎಂದು ನಿಂಬೆಹಣ್ಣು ಕೇಳಿ ಇಸಿದುಕೊಂಡು ಕುರುಡುಮಲೆ ರಸ್ತೆ ಹಿಡಿದ.

ಆ ದಿನ ನಾನು ಬಹಳ ನಕ್ಕೆ. ನಗಬಾರದಿತ್ತು. ಯಾಕೆಂದರೆ ನನ್ನ ಮನೆಯ ಬೀರುವಿನಲ್ಲಿ ನನ್ನದೂ ಒಂದು ಫಾರ್ಮಾಲಿಟಿ ಇತ್ತು, ಲ್ಯಾಮಿನೇಷನ್ ಮಾಡಿಸಿದ್ದು.

ಅದು ಹೊರಗೆ ಬಂದದ್ದು ನನ್ನ ಮಗಳು ಸುಧಾಳ ಕೈಯಿಂದ. ಕೋಲಾರದಲ್ಲಿ ಡಿಗ್ರಿ ಓದುತ್ತಾಳೆ. ಸ್ಕಾಲರ್‌ಶಿಪ್ಪಿಗೋ ಏನಕ್ಕೋ ಯಾವುದೋ ಸರ್ಟಿಫಿಕೇಟು ಬೇಕೆಂದು ಬೀರುವಿನ ಫೈಲು ತೆಗೆದು ನೆಲದ ಮೇಲೆ ಹರಡಿಕೊಂಡು ಕೂತಿದ್ದಳು. ಹೊಳೆಯುವ ಹಾಳೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಕೇಳಿದಳು.

"ಅಪ್ಪಾ, ಇದ್ರಲ್ಲಿ ಅತ್ತೆ ಎಲ್ಲಿ?"

"ಯಾವ ಅತ್ತೆ?"

"ನನಗೆ ಎಷ್ಟು ಜನ ಅತ್ತೇರಿದಾರೆ?"

ಒಬ್ಬಳೇ. ನನ್ನ ಅಕ್ಕ ಅಲುವೇಲಮ್ಮ. ಮಗಳ ಕೈಯಲ್ಲಿದ್ದದ್ದು ನಮ್ಮ ವಂಶವೃಕ್ಷ. ಯಾರಿಗೆ ಯಾರು ಹುಟ್ಟಿದರು, ಯಾರು ವಾರಸುದಾರರು ಎಂದು ತೋರಿಸಿ ಕಂದಾಯ ಕಚೇರಿಗೆ ಕೊಡುವ ಕಾಗದ. ಎಂಟು ವರ್ಷದ ಹಿಂದೆ ಅಪ್ಪ ತೀರಿಕೊಂಡ ಮೇಲೆ ಜಮೀನಿನ ಖಾತೆ ನನ್ನ ಹೆಸರಿಗೆ ಮಾಡಿಸಲು ನಾನು ಬರೆಸಿದ್ದು. ಅದರಲ್ಲಿ ಮೇಲೆ ಅಪ್ಪನ ಹೆಸರು, ಪಕ್ಕದಲ್ಲಿ ಮೃತ ಎಂದು. ಅದರ ಕೆಳಗೆ ಅಮ್ಮ. ಅದರ ಕೆಳಗೆ ನಾನು. ಬಲಕ್ಕಿಲ್ಲ, ಎಡಕ್ಕಿಲ್ಲ. ವೃಕ್ಷ ಎಂದು ಹೆಸರೇ ಹೊರತು ನೋಡಲು ಕರೆಂಟು ಕಂಬದ ಹಾಗಿದೆ.

"ಅದು ಹಂಗಲ್ಲ ಕಣಮ್ಮ," ಎಂದೆ. "ಖಾತೆ ಮಾಡ್ಸಕ್ಕೆ ಬರೆಸಿದ್ದು. ಫಾರ್ಮಾಲಿಟಿ ಅಷ್ಟೇ."

"ಓ." ಹಾಳೆಯನ್ನು ಮೆಲ್ಲಗೆ ಫೈಲಿಗೆ ಸೇರಿಸಿದಳು. "ಮುಂದೆ ನಮ್ಮ ತಮ್ಮ ಬರೆಸ್ತಾನಲ್ಲ, ಆವಾಗ ನಾನೂ ಫಾರ್ಮಾಲಿಟೀನಾ?"

ಅಡುಗೆಮನೆಯಲ್ಲಿ ಓಡುತ್ತಿದ್ದ ಮಿಕ್ಸಿ ನಿಂತಿತು. ನಮ್ಮ ಮನೆಯ ಮಿಕ್ಸಿ ಮುಖ್ಯವಾದ ಮಾತು ಬಂದಾಗೆಲ್ಲ ಹಾಗೆ ನಿಲ್ಲುತ್ತದೆ.

ಉತ್ತರ ಕೊಡುವುದನ್ನು ತಪ್ಪಿಸಿಕೊಳ್ಳಲು, "ಅಲ್ಲಮ್ಮ, ಆ ಪದಕ್ಕೆ ನಿಜವಾಗ್ಲೂ ಅರ್ಥ ಏನು, ಮೊಬೈಲಲ್ಲಿ ನೋಡು" ಎಂದೆ. ಓದಿದ ಮಕ್ಕಳ ಗಮನ ಬೇರೆ ಕಡೆಗೆ ಸೆಳೆಯಲು ಇದು ಒಳ್ಳೆಯ ಉಪಾಯ. ಅರ್ಥ ಎಂದರೆ ಸಾಕು, ಹುಡುಕಲು ಕೂರುತ್ತಾರೆ. ಅವಳು ಹುಡುಕಿದಳು. ನಿಯಮದ ಪ್ರಕಾರ ಮಾಡಲೇಬೇಕಾದ್ದು ಎಂಬುದು ಒಂದು ಅರ್ಥವಂತೆ. ಒಳಗೆ ಏನೂ ಇಲ್ಲದೆ ರೂಢಿಗಾಗಿ ಮಾಡುವಂಥದ್ದು ಎಂಬುದು ಇನ್ನೊಂದಂತೆ. ಮೂಲದಲ್ಲಿ ಲ್ಯಾಟಿನ್ ಎಂಬ ಹಳೆಯ ಭಾಷೆಯ ಫಾರ್ಮಾ ಎಂಬ ಪದದಿಂದ ಬಂದದ್ದು. ಹಾಗೆಂದರೆ ಆಕಾರ, ಅಚ್ಚು. ನಾವು ಆಫೀಸಿನಲ್ಲಿ ತುಂಬಿಸುವ ಫಾರಮ್ಮೂ ಅದೇ ವಂಶದ್ದಂತೆ. ಆ ವಂಶದಲ್ಲಿ ಯಾರ ಹೆಸರೂ ಬಿಟ್ಟುಹೋಗಿಲ್ಲ ಎಂದು ಕಾಣುತ್ತದೆ.

ನಾನು ಅದನ್ನು ನನ್ನ ಕಸುಬಿನ ರೀತಿಯಲ್ಲಿ ಅರ್ಥ ಮಾಡಿಕೊಂಡೆ. ರೆಕ್ಸಿನ್ ಹೊಲಿದಾಗಿದೆ, ಬಟನ್ ಹಾಕಿದಾಗಿದೆ, ದೂರದಿಂದ ಸೀಟಿನ ಹಾಗೇ ಕಾಣುತ್ತದೆ, ಒಳಗೆ ಫೋಮ್ ಇಲ್ಲ. ಸರಿ, ಅದು ಫಾರ್ಮಾಲಿಟಿ. ಆದರೆ ಅಚ್ಚು ಎಂಬ ಅರ್ಥ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಬೆಲ್ಲದ ಅಚ್ಚನ್ನು ನೋಡಿದ್ದೇನೆ. ಅದು ಸುಮ್ಮನೆ ಖಾಲಿ ಕೂತಿರುತ್ತದೆ, ಯಾರಿಗೂ ತೊಂದರೆಯಿಲ್ಲ. ಪಾಕ ಹೊಯ್ದ ಮೇಲೆ ಮಾತ್ರ ಬೆಲ್ಲ ಆ ಆಕಾರ ಬಿಟ್ಟು ಬೇರೆ ಆಕಾರಕ್ಕೆ ಬರುವುದಿಲ್ಲ. ನಾನು ಬರೆಸಿದ ಕಾಗದದ ಆಕಾರಕ್ಕೆ ನಮ್ಮ ಮನೆ ಬಂದುಬಿಟ್ಟಿತ್ತೇನೋ. ಅದು ಬೀರು ಸೇರಿದ ಮೇಲೆ ಮಗಳು ಕೇಳುವವರೆಗೆ ಮನೆಯಲ್ಲಿ ಯಾರೂ ಕೇಳಿರಲಿಲ್ಲ ಎಂದರೆ ಏನರ್ಥ?

ಬರೆಸಿದ ದಿನ ಹೇಗಿತ್ತು ಎಂದು ಹೇಳುತ್ತೇನೆ. ನಮ್ಮ ಊರು ಆವನಿಯ ಕಡೆಯದು. ಅಲ್ಲಿಯ ಕಂದಾಯ ಕಚೇರಿಯ ಮುಂದೆ ಹೊಂಗೆಮರದ ಕೆಳಗೆ ಮೇಜು ಹಾಕಿಕೊಂಡು ಅರ್ಜಿ ಬರೆಯುವವರೊಬ್ಬರು ಕೂರುತ್ತಿದ್ದರು, ಈಗಲೂ ಕೂರುತ್ತಾರೆ. ಒಳ್ಳೆಯವರು, ಅಕ್ಷರ ಮುದ್ದಾಗಿ ಬರೆಯುತ್ತಾರೆ. ಸ್ಕೇಲಿಟ್ಟು ಗೆರೆ ಎಳೆದು, ಅಪ್ಪನ ಹೆಸರು ಬರೆದು, ಕೇಳಿದರು:

"ಮಕ್ಕಳೆಷ್ಟು ಜನ?"

"ಇಬ್ರು ಸಾ. ಅಕ್ಕ ಒಬ್ಬಳು, ಆಮೇಲೆ ನಾನು."

"ಅಕ್ಕನ್ನ ಕೊಟ್ಟಿದೀರಾ?"

"ಶ್ರೀನಿವಾಸಪುರದ ಕಡೆ ಕೊಟ್ಟಿದೀವಿ."

ಅವರು ಪೆನ್ನು ಎತ್ತಿ ಹಿಡಿದರು. "ನೋಡಪ್ಪಾ, ಹೆಸರು ಹಾಕಿದ್ರೆ ಅವರೇ ಬರ್ಬೇಕು, ಸೈನ್ ಹಾಕ್ಬೇಕು, ಆಧಾರ್ ಕೊಡ್ಬೇಕು. ನಾಳೆ ಪಾಲೂ ಕೇಳಬಹುದು. ಬಿಟ್ರೆ ಇದ್ಯಾವುದೂ ಇಲ್ಲ. ಎಷ್ಟೋ ಜನ ಬಿಡ್ತಾರೆ. ಫಾರ್ಮಾಲಿಟಿ ಅಷ್ಟೇ. ಏನ್ ಮಾಡ್ಲಿ?"

ಆ ಪೆನ್ನು ಗಾಳಿಯಲ್ಲಿ ಎಷ್ಟು ಹೊತ್ತು ನಿಂತಿತ್ತೋ. ನನಗೆ ಮಾತ್ರ ಅದು ಇನ್ನೂ ಇಳಿದೇ ಇಲ್ಲ. ನಾನು ಹಾಕಿ ಎನ್ನಲಿಲ್ಲ. ಬಿಡಿ ಎಂದೂ ಅನ್ನಲಿಲ್ಲ. "ನಿಮಗೆ ಹೆಂಗೆ ಸರಿ ಅನ್ನಿಸ್ತದೋ ಹಂಗೆ ಬರೀರಿ ಸಾ" ಎಂದೆ. ನನ್ನ ಅಕ್ಕ ಹುಟ್ಟಿದ್ದಾಳೋ ಇಲ್ಲವೋ ಎಂಬುದನ್ನು ಅವಳನ್ನು ಕಣ್ಣಿನಿಂದಲೂ ನೋಡದ ಮನುಷ್ಯನ ತೀರ್ಮಾನಕ್ಕೆ ಬಿಟ್ಟೆ. ಅವರು ಸ್ಕೇಲು ತಿರುಗಿಸಿ ನೇರ ಕೆಳಕ್ಕೆ ಒಂದು ಗೆರೆ ಎಳೆದರು.

ಸಂಜೆ ಅಮ್ಮನ ಹೆಬ್ಬೆಟ್ಟು ಹಾಕಿಸಲು ಕಾಗದವನ್ನು ಮನೆಗೆ ತಂದೆ. ಅಮ್ಮನಿಗೆ ಓದು ಬರುತ್ತಿರಲಿಲ್ಲ. ಬೆರಳಿಗೆ ಶಾಯಿ ಒತ್ತಿಸಿಕೊಳ್ಳುತ್ತಾ, "ಅಲುವೇಲು ಹೆಸರು ಐತೇನೋ?" ಎಂದಳು. "ಎಲ್ಲಾ ಐತೆ ಕಣಮ್ಮ, ಒತ್ತು" ಎಂದೆ. ಒತ್ತಿದಳು. ಅಮ್ಮ ಈಗಿಲ್ಲ. ಆ ಹೆಬ್ಬೆಟ್ಟು ಇದೆ, ಲ್ಯಾಮಿನೇಷನ್ ಒಳಗೆ, ಒಂದು ಗೆರೆಯೂ ಅಳಿಸಿಲ್ಲ. ಮಂಜೂರಾಗಿ ಕೈಗೆ ಬಂದ ದಿನವೇ ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಬಿಸಿಬಿಸಿಯಾಗಿ ಮಾಡಿಸಿದ್ದೆ. ಒಳ್ಳೆಯ ಕಾಗದ ಹಾಳಾಗಬಾರದಲ್ಲ.

ನನಗೆ ಆಸೆ ಇರಲಿಲ್ಲ, ಅಕ್ಕನನ್ನು ಕರೆಸುವ ಓಡಾಟ ತಪ್ಪಲಿ ಎಂದು ಸುಮ್ಮನಿದ್ದೆ, ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಶ್ರೀನಿವಾಸಪುರ ಚಂದ್ರಲೋಕದಲ್ಲಿಲ್ಲ. ಮುಳಬಾಗಿಲಿನಿಂದ ಬಸ್ಸಿದೆ. ಅಪ್ಪನ ಜಮೀನು ಎರಡು ಎಕರೆ ಚಿಲ್ಲರೆ, ಹೈವೇಗೆ ಕೂಗಳತೆ. ಇಷ್ಟು ಹೇಳಿದರೆ ಸಾಕು, ಉಳಿದದ್ದು ನಿಮಗೆ ಅರ್ಥವಾಗುತ್ತದೆ. ಆಸೆ ಇರಲಿಲ್ಲ ಎಂದು ಇಲ್ಲಿಯೂ ಬರೆದರೆ ಈ ಬರಹವೂ ಒಂದು ಫಾರ್ಮಾಲಿಟಿಯಾಗುತ್ತದೆ.

ಇದರಲ್ಲಿ ಇನ್ನೊಂದು ತಮಾಷೆಯಿದೆ. ನನ್ನ ಹೆಸರು ಮೊದಲ ಬಾರಿಗೆ ಒಂದು ಕಾಗದದ ಮೇಲೆ ಬಂದದ್ದು ಅಕ್ಕನಿಂದ. ನನ್ನನ್ನು ಸ್ಕೂಲಿಗೆ ಸೇರಿಸಿದವಳು ಅವಳು. ಅಪ್ಪ ಹೊಲ ಉಳಲು ಹೋಗಿದ್ದ, ಅಮ್ಮನಿಗೆ ಜ್ವರ. ಅಕ್ಕನಿಗೆ ಆಗ ಹತ್ತು ವರ್ಷವಿರಬೇಕು. ನನ್ನ ತಲೆಗೆ ಅಂಗೈ ತುಂಬ ಹರಳೆಣ್ಣೆ ಮೆತ್ತಿ, ಎಳೆದುಕೊಂಡು ಹೋಗಿ ಹೆಡ್‌ಮಾಸ್ತರ ಮುಂದೆ ನಿಲ್ಲಿಸಿದಳು. ಎಣ್ಣೆ ಹಣೆಯ ಮೇಲೆ ಇಳಿದು ಕಣ್ಣಿಗೆ ಬಂದು ನಾನು ಅಳುತ್ತಿದ್ದೆ. ಹೆಡ್‌ಮಾಸ್ತರು ರಿಜಿಸ್ಟರ್ ತೆಗೆದು, "ಹುಟ್ಟಿದ ತಾರೀಕು ಗೊತ್ತಿಲ್ಲ ತಾನೆ? ಜೂನ್ ಒಂದು ಅಂತ ಹಾಕ್ತೀನಿ" ಎಂದರು. ನಮ್ಮ ಕ್ಲಾಸಿನಲ್ಲಿ ಎಲ್ಲರೂ ಹುಟ್ಟಿದ್ದು ಜೂನ್ ಒಂದಕ್ಕೇ. ಒಂದೇ ದಿನ ಅಷ್ಟು ಹೆರಿಗೆಯಾದರೆ ಸೂಲಗಿತ್ತಿ ಊರು ಬಿಟ್ಟು ಓಡಿಹೋಗಬೇಕಿತ್ತು.

"ಇಲ್ಲ ಸಾ," ಎಂದಳು ಅಕ್ಕ. "ಇವನು ಗೌರಿ ಹಬ್ಬದ ಹಿಂದಿನ ದಿನ ಹುಟ್ಟಿದ್ದು. ನಾನೇ ನೋಡಿದೀನಿ."

"ಏನ್ ನೋಡ್ದೆ?"

"ಕೆಂಪಗಿದ್ದ. ಇಲಿಮರಿ ಇದ್ದಂಗಿದ್ದ."

ಹೆಡ್‌ಮಾಸ್ತರು ನಕ್ಕು, ಹಳೆಯ ಪಂಚಾಂಗ ತರಿಸಿ, ಹಬ್ಬ ಯಾವ ತಾರೀಕಿಗೆ ಬಿದ್ದಿತ್ತು ಎಂದು ಹುಡುಕಿ, ಹಿಂದಿನ ದಿನ ಹಾಕಿದರು. ಹಾಗಾಗಿ ನಮ್ಮ ಕ್ಲಾಸಿನಲ್ಲಿ ಸರಿಯಾದ ದಿನ ಹುಟ್ಟಿದವನು ನಾನೊಬ್ಬನೇ. ಆಮೇಲೆ ಒಲೆಯ ಇದ್ದಿಲಿನಿಂದ ಕೊಟ್ಟಿಗೆಯ ಗೋಡೆ ಮೇಲೆ ಅ ಆ ಇ ಈ ಬರೆದು ನನಗೆ ತಿದ್ದಿಸಿದವಳೂ ಅವಳೇ. ತಪ್ಪಿದರೆ ಇದ್ದಿಲಿನಿಂದಲೇ ನನ್ನ ಮೂಗಿನ ಮೇಲೆ ಒಂದು ಗೆರೆ. ಆರನೇ ಕ್ಲಾಸಿಗೆ ಅವಳನ್ನು ಬಿಡಿಸಿದರು. ಏಳಕ್ಕೆ ನಾನೇ ಬಿಟ್ಟೆ. ಮನೆಯಲ್ಲಿ ಹೆಚ್ಚು ಓದಿದವನು ಎಂಬ ಹೆಸರು ಒಂದು ಕ್ಲಾಸಿನ ಅಂತರದಿಂದ ನನಗೇ ಬಂತು.

ಖಾತೆಯಾದ ವರ್ಷವೂ ಗೌರಿ ಹಬ್ಬ ಬಂತು, ಪ್ರತಿ ವರ್ಷದಂತೆ. ನಮ್ಮ ಕಡೆ ಹಬ್ಬಕ್ಕೆ ಅಣ್ಣತಮ್ಮಂದಿರು ಅಕ್ಕತಂಗಿಯರ ಮನೆಗೆ ಅರಿಶಿನ ಕುಂಕುಮ, ಹೂವು, ಬಳೆ, ಸೀರೆ ತೆಗೆದುಕೊಂಡು ಹೋಗಬೇಕು. ತವರು ಇನ್ನೂ ಇದೆ ಎಂದು ಹೇಳಿಬರುವ ರೀತಿ. ಆ ವರ್ಷ ನಾನು ಯಾವತ್ತಿಗಿಂತ ಚೆನ್ನಾಗಿರುವ ಸೀರೆ ತೆಗೆದೆ, ಹಸಿರು ಒಡಲು, ಅಗಲವಾದ ಅಂಚು. ಯಾಕೆ ತೆಗೆದೆ ಎಂದು ಹೆಂಡತಿ ಕೇಳಿದಳು. ವ್ಯಾಪಾರ ಚೆನ್ನಾಗಿತ್ತು ಎಂದೆ. ಅಕ್ಕ ಒಬ್ಬಟ್ಟು ಬಡಿಸಿ, ತುಪ್ಪ ಹಾಕಿ, ಎದುರಿಗೆ ಕೂತು ಕೇಳಿದಳು, "ಇನ್ನೇನ್ಲಾ ಸಮಾಚಾರ?"

"ಏನಿಲ್ಲಕ್ಕಾ. ಎಲ್ಲಾ ಚೆನ್ನಾಗೈತೆ."

ಎರಡನೇ ಒಬ್ಬಟ್ಟು ಹಾಕಿದಳು. ಮತ್ತೆ, "ಇನ್ನೇನಾದ್ರೂ ಹೇಳೋದಿತ್ತಾ?"

"ಇಲ್ವಲ್ಲಕ್ಕಾ. ಹಬ್ಬ ಅಂತ ಬಂದೆ ಅಷ್ಟೇ."

ಸೀರೆಯನ್ನು ಕಣ್ಣಿಗೊತ್ತಿಕೊಂಡು ಒಳಗಿಟ್ಟಳು. ವಯಸ್ಸಾಗುತ್ತಿದೆ, ಕೇಳಿದ್ದನ್ನೇ ಕೇಳುತ್ತಾಳೆ ಎಂದುಕೊಂಡು ನಾನು ಮೂರನೇ ಒಬ್ಬಟ್ಟಿಗೆ ಕೈ ಹಾಕಿದೆ. ಅದಾದ ಮೇಲೆ ಪ್ರತಿ ವರ್ಷ ಹೋಗಿದ್ದೇನೆ, ಒಂದೂ ತಪ್ಪಿಸಿಲ್ಲ. ರೆಡ್ಡೆಪ್ಪನ ನಿಂಬೆಹಣ್ಣಿನ ಹಾಗೆ.

ಮಗಳು ಕೇಳಿದ ಮಾತು ಒಂದು ತಿಂಗಳು ನನ್ನನ್ನು ಅಂಗಡಿಯಲ್ಲಿ ನೆಟ್ಟಗೆ ಕೆಲಸ ಮಾಡಲು ಬಿಡಲಿಲ್ಲ. ಒಂದು ಲಾರಿಗೆ ಸೀಟನ್ನು ಹಿಂದುಮುಂದಾಗಿ ಹೊಲಿದು ಬೈಸಿಕೊಂಡೆ. ಕೊನೆಗೆ ಹೊಂಗೆಮರದ ಕೆಳಗಿನ ಅದೇ ಮೇಜಿನ ಮುಂದೆ ಹೋಗಿ ನಿಂತೆ. ಹೆಸರು ಸೇರಿಸಲು ಏನು ಮಾಡಬೇಕು ಎಂದು ಕೇಳಿದೆ.

ಅವರಿಗೆ ಕೂದಲು ಬೆಳ್ಳಗಾಗಿತ್ತು, ಕನ್ನಡಕ ಬಂದಿತ್ತು. "ಬಿಡಿಸೋಕೆ ಬರೋರನ್ನ ದಿನಾ ನೋಡ್ತೀನಿ. ಸೇರಿಸೋಕೆ ಬಂದವನು ನೀನೇ ಮೊದಲು" ಎಂದರು. "ಹೆಸರು ಸೇರಿಸಿದ್ರೆ ಜಮೀನಲ್ಲಿ ಪಾಲೂ ಬರ್ತದೆ, ಗೊತ್ತು ತಾನೆ?"

"ಗೊತ್ತು ಸಾ."

"ಅವರನ್ನ ಕರ್ಕೊಂಡು ಬಾ. ಇಬ್ಬರ ಸೈನೂ ಬೇಕು."

ಅಕ್ಕನ ಮನೆಗೆ ಹೋಗಿ ಎಲ್ಲವನ್ನೂ ಬಿಡಿಸಿ ಹೇಳಬೇಕು, ಕಾಲು ಹಿಡಿದುಕೊಳ್ಳಬೇಕಾದರೂ ಸರಿ, ಎಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಅವಳು ಮಾವಿನ ತೋಪಿನಲ್ಲಿ ಉದುರಿದ ಕಾಯಿ ಆಯುತ್ತಿದ್ದಳು. ಮಂಡಿನೋವು, ಒಂದೊಂದು ಕಾಯಿಗೂ ಕೂತು ಏಳುತ್ತಿದ್ದಳು. ನನ್ನನ್ನು ನೋಡಿ, "ಏನ್ಲಾ ಸೀನ, ಹಬ್ಬ ಇಲ್ಲ ಹುಣ್ಣಿಮೆ ಇಲ್ಲ, ದಾರಿ ತಪ್ಪಿ ಬಂದ್ಯಾ?" ಎಂದಳು. ಜೋಡಿಸಿಕೊಂಡ ಮಾತುಗಳೆಲ್ಲ ಬಸ್ಸಿನಲ್ಲೇ ಉಳಿದುಹೋಗಿದ್ದವು.

"ಒಂದು ಸೈನ್ ಬೇಕಿತ್ತಕ್ಕಾ," ಎಂದೆ. "ಕಚೇರಿಗೆ ಬರ್ಬೇಕು. ಫಾರ್ಮಾಲಿಟಿ ಅಷ್ಟೇ."

ನಾಲಿಗೆಗೆ ನಾಚಿಕೆ ಎನ್ನುವುದು ಇಲ್ಲ. ಎಂಟು ವರ್ಷದ ತಪ್ಪನ್ನು ತಿದ್ದಲು ಹೋದವನ ಬಾಯಿಂದಲೂ ಅದೇ ಪದ ಬಂತು.

ಅಕ್ಕ ಯಾವುದಕ್ಕೆ ಎಂದು ಕೇಳಲಿಲ್ಲ. ಸೆರಗಿನಲ್ಲಿದ್ದ ಕಾಯಿಗಳನ್ನು ಬಿದಿರಿನ ಮಕ್ಕರಿಗೆ ಸುರಿದು, "ಸೋಮವಾರ ಬರ್ತೀನಿ" ಎಂದಳು.

ಸೋಮವಾರ ಬಂದಳು. ಹಸಿರು ಒಡಲಿನ, ಅಗಲ ಅಂಚಿನ ಸೀರೆ ಉಟ್ಟಿದ್ದಳು. ಅವಳು ಅದನ್ನು ಉಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಡಿಕೆಯ ಗುರುತು ಇನ್ನೂ ಹೋಗಿರಲಿಲ್ಲ. ಅರ್ಜಿಯವರು ಅವಳಿಗೆ ಸ್ಟೂಲು ಕೊಟ್ಟು, ಬರೆದಿಟ್ಟಿದ್ದ ಕಾಗದವನ್ನು ಮುಂದೆ ತಳ್ಳಿ, ಸೈನ್ ಹಾಕುವ ಜಾಗ ತೋರಿಸಿದರು. ಅಕ್ಕ ಪೆನ್ನು ಮುಟ್ಟಲಿಲ್ಲ. ಕಾಗದವನ್ನು ಕಣ್ಣಿಂದ ದೂರ ಹಿಡಿದು, ಸ್ಕೂಲು ಮಕ್ಕಳ ಹಾಗೆ ಗಟ್ಟಿಯಾಗಿ ಓದಿದಳು.

"'ಸದರಿ ವಂಶವೃಕ್ಷದಲ್ಲಿ ನನ್ನ ಅಕ್ಕ ಅಲುವೇಲಮ್ಮ ಎಂಬುವರ ಹೆಸರು ಕಣ್ತಪ್ಪಿನಿಂದ ಬಿಟ್ಟುಹೋಗಿರುತ್ತದೆ.'" ತಲೆ ಎತ್ತಿದಳು. "ಯಾರ ಕಣ್ಣು ತಪ್ಪಿದ್ದು?"

"ಕಾರಣ ಅಂತ ಒಂದು ಬರೀಲೇಬೇಕಮ್ಮ," ಎಂದರು ಅರ್ಜಿಯವರು. "ಎಲ್ರಿಗೂ ಹಂಗೇ ಬರೆಯೋದು."

"ಇವನ ಕಣ್ಣು ಚೆನ್ನಾಗಿತ್ತು ಸ್ವಾಮಿ. ನನ್ನ ಕಣ್ಣೂ ಚೆನ್ನಾಗಿತ್ತು. ನಾನು ಆವಾಗ್ಲೇ ಓದಿದೀನಿ."

"ಎಲ್ಲಿ ಓದ್ದೆ ಅಕ್ಕಾ?"

"ಅಪ್ಪನ ವರ್ಷದ ತಿಥಿಗೆ ಬಂದಿದ್ದೆನಲ್ಲ. ವಾಪಸ್ ಹೋಗೋವಾಗ ಬಸ್ಸಿಗೆ ಅಂತ ಪಂಚಾಯ್ತಿ ಆಫೀಸ್ ಹತ್ರ ನಿಂತಿದ್ದೆ. ಗೋಡೆಗೆ ನೋಟೀಸ್ ಅಂಟಿಸಿದ್ರು. ಅಪ್ಪನ ಹೆಸರು ಕಾಣ್ತು, ಓದ್ದೆ. ಇವನಿಗೆ ಖಾತೆ ಆಗ್ತಾ ಐತೆ, ವಾರಸುದಾರರು ತಾಯಿ ಮತ್ತು ಮಗ ಅಂತ ಇತ್ತು. ತಕರಾರು ಇರೋರು ಮೂವತ್ತು ದಿನದಲ್ಲಿ ಹೇಳ್ಬೇಕು ಅಂತ ಇತ್ತು."

ಹೌದು, ಅಂಥದ್ದೊಂದು ನೋಟೀಸು ಅಂಟಿಸುತ್ತಾರೆ. ಅದನ್ನು ಯಾರೂ ಓದುವುದಿಲ್ಲ ಎಂಬ ಧೈರ್ಯದಲ್ಲೇ ನಾನಿದ್ದದ್ದು. ನಮ್ಮ ಊರಿನ ಗೋಡೆಯ ಮೇಲೆ ನನಗೆ ಓದಲು ಕಲಿಸಿದವಳು ಒಬ್ಬಳಿದ್ದಾಳೆ ಎಂಬುದು ನನಗೆ ಹೊಳೆದಿರಲಿಲ್ಲ.

"ಮತ್ತೆ ಯಾಕೆ ತಕರಾರು ಹಾಕಲಿಲ್ಲ?" ಅರ್ಜಿಯವರು ಕೇಳಿದರು.

"ಮೂವತ್ತು ದಿನ ಟೈಮಿತ್ತಲ್ಲ. ಇವನೇ ಬಂದು ಹೇಳ್ತಾನೆ ಅಂತ ಕಾದೆ. ದಿನ ಮುಗೀತು, ಹಬ್ಬ ಬಂತು. ಇವನೂ ಬಂದ, ಈ ಸೀರೆ ತಗೊಂಡು. ಎರಡು ಸಲ ಕೇಳ್ದೆ. ಮೂರು ಒಬ್ಬಟ್ಟು ತಿಂದು ಹೋದ."

ಅಕ್ಕ ನನ್ನನ್ನು ನೋಡಿದಳು. "ಪಾಲು ಬೇಡ ಅಂತ ನಾನೇ ಅಂತೀನಿ ಅಂದ್ಕೊಂಡಿದ್ರೆ, ಅನ್ನಲ್ಲ ಕಣ್ಲಾ. ಆ ಮಾತು ಆಮೇಲೆ. ಮೊದ್ಲು ಇದನ್ನ ಸರಿಯಾಗಿ ಬರಿ." ಅರ್ಜಿಯವರ ಕಡೆ ತಿರುಗಿ, "ಒಂದು ಬಿಳಿ ಹಾಳೆ ಕೊಡಿ ಸ್ವಾಮಿ. ಯಾಕೆ ಬಿಟ್ಟೆ ಅಂತ ಇವನೇ ಬರೀಲಿ. ಬರೆಯೋಕೆ ಬರ್ತದೆ, ನಾನೇ ಕಲಿಸಿದೀನಿ" ಎಂದಳು.

ಹಾಳೆ ಬಂತು. ಪೆನ್ನು ಈಗ ನನ್ನ ಕೈಯಲ್ಲಿ ಗಾಳಿಯಲ್ಲಿ ನಿಂತಿತು. ಕೊನೆಗೆ ಬರೆದೆ: ನನ್ನ ಅಕ್ಕ ಅಲುವೇಲಮ್ಮನ ಹೆಸರನ್ನು ನಾನು ಜಮೀನಿನ ಆಸೆಗೆ ಬೇಕೆಂದೇ ಬಿಟ್ಟೆನು. ಅಮ್ಮನಿಗೂ ಸುಳ್ಳು ಹೇಳಿದೆನು. ಕೆಳಗೆ ನನ್ನ ಸೈನ್.

ಅರ್ಜಿಯವರು ಕನ್ನಡಕ ಏರಿಸಿ ಓದಿ ಹೌಹಾರಿದರು. "ಅಯ್ಯೋ ಮಾರಾಯ, ಇದನ್ನ ಒಳಗೆ ಕೊಟ್ರೆ ನಿನ್ನ ಮೇಲೇ ಕೇಸಾಗ್ತದೆ. ಸುಳ್ಳು ಪ್ರಮಾಣ ಮಾಡಿದೀನಿ ಅಂತ ನೀನೇ ಬರ್ಕೊಟ್ಟಂಗಾಯ್ತು. ಅರ್ಜಿನೂ ನಿಲ್ಲಲ್ಲ, ಅವರ ಹೆಸರೂ ಸೇರಲ್ಲ. ಕಣ್ತಪ್ಪು ಅಂದ್ರೇನೇ ಕೆಲಸ ಆಗೋದು."

ಅಕ್ಕನ ಹೆಸರನ್ನು ಒಂದು ಸುಳ್ಳಿನಿಂದ ತೆಗೆಸಿದ್ದೆ. ಮತ್ತೆ ಸೇರಿಸಲೂ ಒಂದು ಸುಳ್ಳೇ ಬೇಕಂತೆ. ನಾನು ಅಕ್ಕನ ಮುಖ ನೋಡಿದೆ. ಅವಳು ಯೋಚನೆ ಮಾಡಲಿಲ್ಲ. ಮುದ್ದಾದ ಅಕ್ಷರದ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡು, ತೋರಿಸಿದ ಜಾಗದಲ್ಲಿ ನಿಧಾನವಾಗಿ ಸೈನ್ ಹಾಕಿದಳು. ಅಲುವೇಲಮ್ಮ. ಒತ್ತಕ್ಷರಕ್ಕೆ ನಾಲಿಗೆ ತುದಿ ಹೊರಗೆ ಬಂತು, ಕೊಟ್ಟಿಗೆಯ ಗೋಡೆಯ ಕಾಲದ ಹಾಗೇ.

"ಇದು ಆಫೀಸಿಗೆ" ಎಂದು ಅದನ್ನು ಅವರಿಗೆ ಕೊಟ್ಟಳು.

ಆಮೇಲೆ ನಾನು ಬರೆದ ಹಾಳೆಯನ್ನು ತೆಗೆದುಕೊಂಡು, ಒಮ್ಮೆ ಮನಸ್ಸಿನಲ್ಲೇ ಓದಿಕೊಂಡು, ಶಾಯಿ ಆರಲೆಂದು ಊದಿದಳು. ಮಡಚಲಿಲ್ಲ. ಎರಡು ಕೈಯಲ್ಲೂ ಹಿಡಿದುಕೊಂಡು ಸ್ಟೂಲಿನಿಂದ ಎದ್ದಳು.

"ಇದು ನನ್ನತ್ರ ಇರ್ಲಿ" ಎಂದಳು. ಅರ್ಜಿಯವರನ್ನು ಕೇಳಿದಳು, "ಇಲ್ಲಿ ಲ್ಯಾಮಿನೇಷನ್ ಮಾಡೋ ಅಂಗಡಿ ಎಲ್ಲೈತಣ್ಣ?"

ಎದುರಿಗೇ ಇತ್ತು. ದಾರಿ ತೋರಿಸಲು ನಾನು ಮುಂದೆ ನಡೆದೆ.